ಬಿಸಿರೊಟ್ಟಿ ಎಲ್ಲಿಯವರೆಗೆ? ವೃತ್ತ, ಚೌಕ, ರಸ್ತೆ

ಗೋವಾದ ರಾಯಬಂದರದಲ್ಲಿರುವ ಅತ್ತಿಗೆಯ ಅಡುಗೆಮನೆಯಿಂದ ಜೋಳದ ರೊಟ್ಟಿ ಹೊರಟರೆ ಅರ್ಧ ಗಂಟೆಯೊಳಗೆ ಗಿರಾಕಿಯ ಮನೆ ಸೇರಬೇಕು, ತಡವಾದರೆ ತೊಗಲು. ಎಲ್ಲಿಯವರೆಗೆ ಆರ್ಡರ್ ಹಿಡಿಯಬಹುದೆಂಬ ಲೆಕ್ಕ ನನ್ನ ಪಾಲಿಗೆ ಬಂತು. ವೇಗ, ತಿರುವುಗಳನ್ನೆಲ್ಲ ತುಂಬಿಟ್ಟ ರಸ್ತೆ ದತ್ತಾಂಶ ಕೊಳ್ಳುವಷ್ಟು ದುಡ್ಡು ರೊಟ್ಟಿಯಲ್ಲಿ ಹುಟ್ಟುವುದಿಲ್ಲ. ಪುಕ್ಕಟೆಯ ಮೂರು ದಾರಿ ಹಿಡಿದು ನೋಡಿದೆ. ಕೊನೆಗೆ ಉಳಿದದ್ದು ಜನರೇ ಸೇರಿ ತುಂಬುವ ಪುಕ್ಕಟೆ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಗಳ ಮೇಲೆ ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನ ‘ಸರ್ವಿಸ್ ಏರಿಯಾ’ (ಕೊಟ್ಟ ಹೊತ್ತಿನೊಳಗೆ ಮುಟ್ಟಬಹುದಾದ ರಸ್ತೆಗಳನ್ನು ತೋರಿಸುವ ಲೆಕ್ಕ) ಓಡಿಸುವ ದಾರಿ.

ಮೊದಲು ಎಳೆದದ್ದು ವೃತ್ತ. ಸ್ಕೂಟರಿಗೆ ಗಂಟೆಗೆ 25 ಕಿ.ಮೀ. ಎಂದರೆ ಅರ್ಧ ಗಂಟೆಗೆ 12.5; ರಸ್ತೆಯ ಸುತ್ತುಬಳಸಿಗೆಂದು 1.3ರಿಂದ ಭಾಗಿಸಿದರೆ 9.6 ಕಿ.ಮೀ. ಎರಡು ನಿಮಿಷದ ಕೆಲಸ. ಆದರೆ ವೃತ್ತಕ್ಕೆ ಮಾಂಡವಿ ನದಿ ಕಾಣಿಸುವುದಿಲ್ಲ. ಎದುರು ದಡದ ಚೋರಾಂವ್ ದ್ವೀಪ ಅದರೊಳಗೇ ಇತ್ತು. ಧೈರ್ಯವಾಗಿ ಆರ್ಡರ್ ಒಪ್ಪಿಕೊಂಡೆ. ದೋಣಿ ಹತ್ತುವ ಧಕ್ಕೆಗೆ ಹೋದರೆ ಫೆರಿ ಆಗಷ್ಟೇ ಬಿಟ್ಟಿತ್ತು. ಅದು ಆಚೆ ವಾಹನಗಳನ್ನು ಇಳಿಸಿ, ಹತ್ತಿಸಿಕೊಂಡು ಮರಳುವ ತನಕ ಡಬ್ಬಿಯ ಮುಚ್ಚಳ ಮುಟ್ಟಿ ಮುಟ್ಟಿ ನೋಡುತ್ತ ನಿಂತೆ. ಗಿರಾಕಿ ರೊಟ್ಟಿಯನ್ನು ಎರಡೂ ಕೈಯಿಂದ ಎಳೆದು ಹರಿದು, ನನ್ನ ಮುಖ ನೋಡಿದರು.

ಆಮೇಲೆ ಚೌಕಗಳು, ಅಂದರೆ ನೆಲವನ್ನು ಚೌಕಗಳಾಗಿ ಹೋಳು ಮಾಡಿದ ನಕ್ಷೆ. ಮಲೇರಿಯಾ ಹರಡಿಕೆಯ ನಕ್ಷೆ ಮಾಡುವ ಮಲೇರಿಯಾ ಅಟ್ಲಾಸ್ ಪ್ರಾಜೆಕ್ಟ್‌ನ 2015ರ ನಕ್ಷೆಯ ಪದರದಲ್ಲಿ ಸುಮಾರು 1 ಕಿ.ಮೀ. ಅಗಲದ ಒಂದೊಂದು ಚೌಕಕ್ಕೂ ಅಲ್ಲಿ ಒಂದು ಮೀಟರ್ ಸಾಗಲು ಎಷ್ಟು ನಿಮಿಷ ಬೇಕೆಂದು ನಮೂದಾಗಿದೆ. ಹಳ್ಳಿಯಿಂದ ಆಸ್ಪತ್ರೆ ಎಷ್ಟು ಹೊತ್ತಿನ ದಾರಿ ಎಂದು ನೋಡಲು ಚೆನ್ನ. ಪಣಜಿಯ ಬೀದಿಗಳು ಅದರಲ್ಲಿ ಮುದ್ದೆಯಾಗುತ್ತವೆ. ನಾನೇ 50 ಮೀಟರಿನ ಚೌಕ ಮಾಡಿಕೊಂಡೆ. ಆಗ ಮಾಂಡವಿಯ ಮೇಲಿನ ಅಟಲ್ ಸೇತುವೆ ಕಾಡಿತು: ಸೇತುವೆಯೂ ಅದರಡಿಯ ರಸ್ತೆಯೂ ಒಂದೇ ಚೌಕಕ್ಕೆ ಬಿದ್ದು, ಲೆಕ್ಕದ ಗಾಡಿ ಮೇಲಿನಿಂದ ಕೆಳಕ್ಕೆ ಧುಮುಕಿ ಆರಾಮವಾಗಿ ಮುಂದೆ ಹೊರಟಿತು.

ರಸ್ತೆಯ ಗೆರೆಗಳಲ್ಲಿ ಆ ಕಾಟವಿಲ್ಲ. ಸೇತುವೆಗೂ ಕೆಳರಸ್ತೆಗೂ ನಡುವೆ ಕೂಡುವ ಬಿಂದುವಿಲ್ಲದ ಕಾರಣ ಎರಡೂ ಬೇರೆಯಾಗಿಯೇ ಉಳಿಯುತ್ತವೆ. ವೇಗವನ್ನು ಮಾತ್ರ ರಸ್ತೆಯ ದರ್ಜೆ ನೋಡಿ ನಾನೇ ತುಂಬಿದೆ: ಹೆದ್ದಾರಿಗೆ 40, ಒಳದಾರಿಗೆ 15. ಕ್ಯೂಜಿಐಎಸ್‌ನಲ್ಲಿ ‘ಫಾಸ್ಟೆಸ್ಟ್’ (ಬೇಗ ತಲುಪುವ ದಾರಿ) ಆರಿಸಿದಾಗ ಸಮಯ ಗಂಟೆಗಳಲ್ಲಿ ಕೊಡಬೇಕು. ನಾನು ನಿಮಿಷವೆಂದುಕೊಂಡು 30 ಹಾಕಿದ್ದರಿಂದ ಇಡೀ ಗೋವಾವೇ ಬಣ್ಣ ಬಳಿದುಕೊಂಡು ಕುಳಿತಿತು. 0.5 ಎಂದ ಮೇಲೆ ದಾರಿಗೆ ಬಂತು.

ಫೆರಿಯ ಗೆರೆಗೆ ಗಂಟೆಗೆ 2 ಕಿ.ಮೀ. ವೇಗ ಕೊಟ್ಟೆ. ದೋಣಿ ಅಷ್ಟು ನಿಧಾನವೆಂದಲ್ಲ, ಧಕ್ಕೆಯಲ್ಲಿ ಕಾಯುವ ಹೊತ್ತನ್ನೂ ಅದರೊಳಗೇ ಅಡಗಿಸಿದೆ. ಚೋರಾಂವ್‌ನಲ್ಲಿ ಧಕ್ಕೆಯ ಸುತ್ತಲಿನ ನಾಲ್ಕು ಓಣಿಗಳಷ್ಟೇ ಉಳಿದವು. ಈ ಲೆಕ್ಕದಿಂದ ಬರುವುದು ಪ್ರದೇಶವಲ್ಲ, ರಸ್ತೆಯ ಗೆರೆಗಳು. ಸುತ್ತ ಗಡಿಯನ್ನು ಕೈಯಿಂದ ಎಳೆಯುತ್ತೇನೆ. ಸಂಜೆಯ ದಟ್ಟಣೆ ಮೂರಕ್ಕೂ ಗೊತ್ತಿಲ್ಲ, ಆಗ 0.5ರ ಬದಲು 0.4 ಹಾಕುತ್ತೇನೆ.

ಚೋರಾಂವ್‌ನ ಆ ಗಿರಾಕಿಗೆ ಈಗ ಖಡಕ್ ರೊಟ್ಟಿ ಕಳಿಸುತ್ತೇವೆ.