ಬ್ಯಾಲೆಸ್ಟರ್-ಮೊಲಿನಾ .45: ಮೇಲರ್ಧ ಕೋಲ್ಟ್, ಕೆಳಗರ್ಧ ಅರ್ಜೆಂಟೀನಾ

ಬ್ಯಾಲೆಸ್ಟರ್-ಮೊಲಿನಾ ಪಿಸ್ತೂಲನ್ನು ಕೊಳ್ಳಲು ಹೊರಟವರು ಮೊದಲು ಮಾಡುವ ಕೆಲಸ ಬ್ಯಾರಲ್‌ನ ಬಾಯಿಗೆ ಟಾರ್ಚ್ ಹಿಡಿಯುವುದು. ಅದೇನೂ ತಪ್ಪಲ್ಲ, ಆದರೆ ಈ ಪಿಸ್ತೂಲಿನಲ್ಲಿ ಬ್ಯಾರಲ್ ಅಷ್ಟೇನೂ ದೊಡ್ಡ ಚಿಂತೆಯಲ್ಲ. ಸವೆದಿದ್ದರೆ, ಇದಕ್ಕೆ ಮಾದರಿಯಾದ ಅಮೆರಿಕದ ಕೋಲ್ಟ್ 1911 ಪಿಸ್ತೂಲಿನ ಬ್ಯಾರಲ್ ತಂದು ಕೂರಿಸಬಹುದು. ನಿಜವಾಗಿ ಕಣ್ಣಿಡಬೇಕಾದ್ದು ಹಿಡಿಯ ಒಳಗೆ: ಟ್ರಿಗರ್, ಅದರ ಬಲಬದಿಯ ಉದ್ದನೆಯ ತೋಳು, ಹ್ಯಾಮರ್‌ನ ಸರಳು (ಹ್ಯಾಮರ್ ಎಂದರೆ ಟ್ರಿಗರ್ ಒತ್ತಿದಾಗ ಬಿದ್ದು ಬಡಿಯುವ ಸುತ್ತಿಗೆ), ಆಕಸ್ಮಿಕವಾಗಿ ಗುಂಡು ಹಾರದಂತೆ ತಡೆಯುವ ಸೇಫ್ಟಿ. ಇವು ಕೆಟ್ಟಿದ್ದರೆ ಜಗತ್ತಿನ ತುಂಬ ಸಿಗುವ ಕೋಲ್ಟ್ ಬಿಡಿಭಾಗಗಳಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಇದನ್ನು 'ಅಗ್ಗದ ಕೋಲ್ಟ್' ಎಂದು ಕರೆಯುವುದು ವಾಡಿಕೆ. ಆ ಮಾತನ್ನು ನಂಬಿ ಕೊಂಡವರೇ ಹೆಚ್ಚಾಗಿ ಕೈ ಸುಟ್ಟುಕೊಳ್ಳುವುದು.

ಅರ್ಜೆಂಟೀನಾದ ಸೇನೆಗೆ ಕೋಲ್ಟ್ ಹೊಸದಾಗಿರಲಿಲ್ಲ. 1916ರ ಹೊತ್ತಿಗೇ ಅದು ಅಮೆರಿಕದಿಂದ ಕೋಲ್ಟ್ 1911 ಪಿಸ್ತೂಲುಗಳನ್ನು ತರಿಸಿಕೊಂಡಿತ್ತು. 1927ರಲ್ಲಿ ಸುಧಾರಿತ 1911ಎ1 ಮಾದರಿಯ ಮೊದಲ ಹತ್ತು ಸಾವಿರಕ್ಕೆ ಒಪ್ಪಂದವಾಯಿತು, ಜೊತೆಗೆ ಪರವಾನಗಿಯ ಮೇಲೆ ದೇಶದೊಳಗೇ ತಯಾರಿಸುವ ಹಕ್ಕೂ ದೊರೆಯಿತು. ಆ ಹಕ್ಕಿನಿಂದ ಹುಟ್ಟಿದ್ದೇ 'ಸಿಸ್ತೆಮಾ ಕೋಲ್ಟ್ ಮೊದೆಲೊ 1927'. ಅದರ ಸ್ಲೈಡಿನ (ಬ್ಯಾರಲ್ ಮೇಲೆ ಹಿಂದೆಮುಂದೆ ಜಾರುವ ಭಾಗ) ಮೇಲೆ ಕ್ಯಾಲಿಬರ್ '11.25 ಮಿ.ಮೀ.' ಎಂದಿರುತ್ತದೆ. ಹೆಸರು ಕಂಡು ಗಾಬರಿಯಾಗಬೇಕಿಲ್ಲ, ಅದು .45 ಎ.ಸಿ.ಪಿ. ತೋಟಾದ ಮೆಟ್ರಿಕ್ ಹೆಸರಷ್ಟೇ. ಆದರೆ ರೊಸಾರಿಯೊದ ಸೇನಾ ಕಾರ್ಖಾನೆಯಲ್ಲಿ ಇದರ ತಯಾರಿಕೆ ಶುರುವಾದದ್ದು 1945ರಲ್ಲಿ, ನಿಂತದ್ದು 1966ರಲ್ಲಿ. ಹಕ್ಕು ಸಿಕ್ಕ ವರ್ಷಕ್ಕೂ ಪಿಸ್ತೂಲು ಹೊರಬಂದ ವರ್ಷಕ್ಕೂ ನಡುವೆ ಹದಿನೆಂಟು ವರ್ಷಗಳ ಅಂತರ. ಅಷ್ಟರಲ್ಲಿ ಸೇನೆಗೂ ಪೊಲೀಸರಿಗೂ .45 ಪಿಸ್ತೂಲು ಬೇಕಿತ್ತು, ಅದೂ ಕಡಿಮೆ ಖರ್ಚಿನಲ್ಲಿ.

ಆ ಜಾಗ ತುಂಬಿದ್ದು ಬ್ಯೂನಸ್ ಐರಿಸ್‌ನ ಹಾಫ್ದಾಸಾ. ಪೂರ್ತಿ ಹೆಸರು 'ಇಸ್ಪಾನೊ ಅರ್ಹೆಂತೀನಾ ಫಾಬ್ರಿಕಾ ದೆ ಆಟೊಮೊವಿಲೆಸ್ ಸೊಸಿಯೆದಾದ್ ಅನೊನಿಮಾ'. ಹೆಸರೇ ಹೇಳುವಂತೆ ಅದು ಮೋಟಾರು ವಾಹನಗಳ ಕಾರ್ಖಾನೆ, ಸ್ಪೇನಿನ ಇಸ್ಪಾನೊ-ಸೂಯಿಸಾ ಕಂಪನಿಯೊಡನೆ ನಂಟಿದ್ದದ್ದು. 1938ರಲ್ಲಿ ಪಿಸ್ತೂಲಿನ ತಯಾರಿಕೆ ಶುರುವಾಯಿತು. ಮೊದಲು ಬಂದವುಗಳ ಸ್ಲೈಡಿನ ಮೇಲೆ ಫ್ರೆಂಚ್ ಎಂಜಿನಿಯರ್ ರಿಗೋ ಹೆಸರೂ ಸೇರಿ 'ಬ್ಯಾಲೆಸ್ಟರ್-ರಿಗೋ' ಎಂದಿತ್ತು, ಕೆಲ ಕಾಲದಲ್ಲೇ ಅದು 'ಬ್ಯಾಲೆಸ್ಟರ್-ಮೊಲಿನಾ' ಆಯಿತು. ರಿಗೋ ಹೆಸರಿನವು ವಿರಳ, ಸಂಗ್ರಾಹಕರು ಅವನ್ನೇ ಮೊದಲು ಹುಡುಕುತ್ತಾರೆ. 1953ರ ಹೊತ್ತಿಗೆ ತಯಾರಿಕೆ ನಿಂತಿತು.

ನೆರೆಯವರು ಆಗ ಏನು ಮಾಡುತ್ತಿದ್ದರು ಎಂಬುದನ್ನೂ ನೋಡಬೇಕು. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಚಿಲಿ ಆಸ್ಟ್ರಿಯಾದ ಸ್ಟೈರ್ ಪಿಸ್ತೂಲುಗಳನ್ನು ಕೊಂಡಿತ್ತು. ಬ್ರೆಜಿಲ್ 1937ರಲ್ಲಿ ಸ್ಮಿತ್ ಆ್ಯಂಡ್ ವೆಸನ್‌ನಿಂದ .45 ರಿವಾಲ್ವರುಗಳನ್ನು ತರಿಸಲು ಒಪ್ಪಂದ ಮಾಡಿಕೊಂಡಿತು. ಅದೇ ಹೊತ್ತಿಗೆ ಅರ್ಜೆಂಟೀನಾದ ಒಂದು ಮೋಟಾರು ಕಾರ್ಖಾನೆ ಸೇನೆಯ ಮಟ್ಟಕ್ಕೆ ಒಪ್ಪುವ .45 ಪಿಸ್ತೂಲನ್ನು ದೇಶದೊಳಗೇ ಕೊರೆದು ತೆಗೆಯಿತು. ಈ ಪಿಸ್ತೂಲಿಗೆ ಗೌರವ ಸಲ್ಲಬೇಕಾದ್ದು ಮೊದಲು ಈ ಕಾರಣಕ್ಕೆ.

ಈಗ ಪಿಸ್ತೂಲಿನ ಒಳಗೆ ಬರೋಣ. ದೂರದಿಂದ ನೋಡಿದರೆ 1911ಎ1ರ ಅವಳಿಯಂತೆ ಕಾಣುತ್ತದೆ. ಹತ್ತಿರ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಸ್ಲೈಡಿನ ಹಿಂಬದಿಯ ಹಲ್ಲುಗಳು. ಕೋಲ್ಟ್‌ನಲ್ಲಿ ಅವು ಒಂದೇ ಸಮನಾಗಿ ಇರುತ್ತವೆ, ಇಲ್ಲಿ ಗುಂಪು ಗುಂಪಾಗಿ, ನಡುವೆ ಬಿಡುವು ಬಿಟ್ಟು ಕೊರೆಯಲಾಗಿದೆ. ಎರಡನೆಯದು ಹಿಡಿಯ ಹಿಂಭಾಗ: ಅಂಗೈ ಒತ್ತಿದಾಗ ಒಳಸರಿಯುವ ಗ್ರಿಪ್ ಸೇಫ್ಟಿ ಇಲ್ಲ. ಕೋಲ್ಟ್‌ನಲ್ಲಿ ಕಳಚಬಹುದಾದ ಬಿಡಿತುಂಡಾಗಿರುವ, ಹ್ಯಾಮರಿಗೆ ಬಲ ಕೊಡುವ ಮುಖ್ಯ ಸ್ಪ್ರಿಂಗಿನ ಗೂಡು ಇಲ್ಲಿ ಫ್ರೇಮಿನದ್ದೇ ಭಾಗ. ಎರಡು ಜಟಿಲ ಭಾಗಗಳನ್ನು ಕೊರೆಯುವ ಕೆಲಸ ಒಂದೇ ಏಟಿಗೆ ಉಳಿಯಿತು. ಖರ್ಚು ಇಳಿದದ್ದು ಇಲ್ಲಿ, ಉಕ್ಕಿನ ಗುಣದಲ್ಲಲ್ಲ.

ಟ್ರಿಗರ್‌ನ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಕೋಲ್ಟ್‌ನ ಟ್ರಿಗರ್ ನೇರವಾಗಿ ಹಿಂದಕ್ಕೆ ಜಾರುತ್ತದೆ, ಅದರ ಎರಡು ತೋಳುಗಳು ಮ್ಯಾಗಜೀನನ್ನು ಎರಡೂ ಬದಿಯಿಂದ ಬಳಸಿ ಹೋಗುತ್ತವೆ. ಬ್ಯಾಲೆಸ್ಟರ್‌ನ ಟ್ರಿಗರ್ ಮೇಲಿನ ಪಿನ್ನಿನ ಸುತ್ತ ಬಾಗಿಲಿನಂತೆ ತಿರುಗುತ್ತದೆ, ಅದಕ್ಕೆ ಬಲಬದಿಯಲ್ಲಿ ಒಂದೇ ತೋಳು. ಇದು ಸ್ಪೇನಿನ ಐಬಾರ್ ಊರಿನ ಸ್ಟಾರ್ ಪಿಸ್ತೂಲುಗಳ ದಾರಿ. ಬೆರಳಿಗೂ ವ್ಯತ್ಯಾಸ ಗೊತ್ತಾಗುತ್ತದೆ: ಒಳ್ಳೆಯ ಕೋಲ್ಟ್‌ನ ಟ್ರಿಗರ್ ಗಾಜಿನ ಕಡ್ಡಿ ಮುರಿದಂತೆ ಬಿಡುತ್ತದೆ, ಬ್ಯಾಲೆಸ್ಟರ್‌ನದು ಸಣ್ಣ ಕಮಾನಿನಲ್ಲಿ ಸಾಗಿ ಬಿಡುತ್ತದೆ. ಗುರಿಸ್ಪರ್ಧೆಗೆ ಕೋಲ್ಟ್‌ನದೇ ಮೇಲು, ಅನುಮಾನವಿಲ್ಲ. ಪೊಲೀಸಿನವನ ಸೊಂಟದಲ್ಲಿ ಧೂಳು ಬೆವರು ತಿಂದುಕೊಂಡು ಇರಬೇಕಾದ ಆಯುಧಕ್ಕಾದರೆ, ಜಾರುದಾರಿಯಲ್ಲಿ ಕಸ ಕೂರದ ಈ ತಿರುಗುವ ಟ್ರಿಗರ್ ಕೆಟ್ಟ ಆಯ್ಕೆಯಲ್ಲ. ಹಿಡಿ ಕೋಲ್ಟ್‌ಗಿಂತ ತುಸು ತೆಳ್ಳಗಿರುವುದರಿಂದ ಸಣ್ಣ ಕೈಯವರಿಗೂ ಒಗ್ಗುತ್ತದೆ.

ಕೋಲ್ಟ್‌ನೊಡನೆ ಅದಲುಬದಲಾಗುವ ಭಾಗಗಳು ಬ್ಯಾರಲ್, ಅದರ ಬಾಯಿಯನ್ನು ಹಿಡಿದಿಡುವ ಬುಶಿಂಗ್ (ಉಂಗುರ), ಸ್ಲೈಡನ್ನು ಮುಂದಕ್ಕೆ ಮರಳಿಸುವ ರಿಕಾಯಿಲ್ ಸ್ಪ್ರಿಂಗ್ ಮತ್ತು ಏಳು ಗುಂಡಿನ ಮ್ಯಾಗಜೀನ್. ಅದಲುಬದಲಾಗದವು ಟ್ರಿಗರ್, ಹ್ಯಾಮರ್‌ನ ಸರಳು, ತೋಟಾಗೆ ಬಡಿಯುವ ಹೊಡೆಗಡ್ಡಿಯನ್ನು ಹಿಂದಿನಿಂದ ಹಿಡಿದಿಡುವ ತಡೆಫಲಕ, ಹೆಬ್ಬೆರಳ ಸೇಫ್ಟಿ. 'ಸ್ವಲ್ಪ ಅರದಿಂದ ಉಜ್ಜಿದರೆ ಕೂರುತ್ತದೆ' ಎಂದು ಯಾರಾದರೂ ಕೋಲ್ಟ್‌ನ ಸೇಫ್ಟಿ ತೋರಿಸಿದರೆ ಅಲ್ಲಿಂದ ಎದ್ದುಬರುವುದು ಒಳ್ಳೆಯದು. ಸಿಯರ್ (ಎತ್ತಿದ ಹ್ಯಾಮರನ್ನು ಹಿಡಿದಿಡುವ ಕೊಂಡಿ) ಮತ್ತು ಸೇಫ್ಟಿಯ ಮುಖಗಳನ್ನು ಉಜ್ಜಿದ ಪಿಸ್ತೂಲು ನೋಡಲು ಸರಿಯಾಗಿದ್ದು, ಗುಂಡು ತುಂಬಿದಾಗ ಅಪಾಯಕಾರಿಯಾಗಬಲ್ಲದು. ಹೊಸ ಬ್ಯಾರಲ್ ಕೂರಿಸುವಾಗಲೂ ಮೇಲಿನ ಲಗ್‌ಗಳು (ಏಣುಗಳು) ಸ್ಲೈಡಿನ ಒಳಗಿನ ಕಚ್ಚುಗಳಲ್ಲಿ ಪೂರ್ತಿ ಕೂರುತ್ತಿವೆಯೇ, ಕೆಳಗಿನ ಲಿಂಕ್ ಸ್ಲೈಡ್ ಸ್ಟಾಪ್ ಪಿನ್ನಿನ ಮೇಲೆ ಎಳೆತವಿಲ್ಲದೆ ನಿಂತಿದೆಯೇ ಎಂದು ನೋಡಲೇಬೇಕು. ಒಳಗೆ ಹೋಯಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ.

ಕೊಳ್ಳುವ ಮುನ್ನ ಪರೀಕ್ಷೆ ಹೀಗೆ ನಡೆಯಲಿ. ಮೊದಲು ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರ್ (ಬ್ಯಾರಲ್ಲಿನಲ್ಲಿ ತೋಟಾ ಕೂರುವ ಜಾಗ) ಖಾಲಿಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಸ್ಲೈಡ್ ಮುಚ್ಚಿ, ಹ್ಯಾಮರ್ ಎತ್ತಿ, ಹೆಬ್ಬೆರಳಿಂದ ಅದನ್ನು ಹಿಂದಿನಿಂದ ಸಾಧಾರಣ ಬಲದಲ್ಲಿ ಮುಂದಕ್ಕೆ ನೂಕಿ. ಬಿದ್ದರೆ ಸಿಯರ್ ಸವೆದಿದೆ, ಆ ಪಿಸ್ತೂಲು ಅಲ್ಲೇ ಉಳಿಯಲಿ. ನಿಂತರೆ ಸೇಫ್ಟಿ ಹಾಕಿ ಟ್ರಿಗರ್ ಗಟ್ಟಿಯಾಗಿ ಒತ್ತಿ, ಬಿಟ್ಟು, ಸೇಫ್ಟಿ ತೆಗೆಯಿರಿ. ಈಗ ಹ್ಯಾಮರ್ ಅಲುಗಲೂಬಾರದು. ಸೇಫ್ಟಿ ತೆಗೆದ ಕ್ಷಣದಲ್ಲಿ ಹ್ಯಾಮರ್ ಬೀಳುತ್ತದೆಂದರೆ ಸೇಫ್ಟಿ ಹಾಕಿದ್ದಾಗಲೂ ಸಿಯರ್ ಜರುಗುತ್ತಿದೆ ಎಂದರ್ಥ. ಗ್ರಿಪ್ ಸೇಫ್ಟಿಯಿಲ್ಲದ ಪಿಸ್ತೂಲಿನಲ್ಲಿ ಈ ಒಂದು ಪರೀಕ್ಷೆಗೆ ಕೋಲ್ಟ್‌ನಲ್ಲಿರುವುದಕ್ಕಿಂತ ಹೆಚ್ಚು ತೂಕ, ಏಕೆಂದರೆ ಎತ್ತಿದ ಹ್ಯಾಮರ್‌ಗೆ ಕೈಯಾರೆ ಹಾಕುವ ಕಾವಲು ಇದೊಂದೇ.

ಮುಂದಿನದು, ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರುವಂತೆ ನೋಡಿಕೊಳ್ಳುವ ಡಿಸ್‌ಕನೆಕ್ಟರ್. ಟ್ರಿಗರ್ ಒತ್ತಿಹಿಡಿದೇ ಸ್ಲೈಡ್ ಹಿಂದಕ್ಕೆಳೆದು ಮುಂದಕ್ಕೆ ಬಿಡಿ. ಹ್ಯಾಮರ್ ಎತ್ತಿದಂತೆಯೇ ಉಳಿಯಬೇಕು. ಟ್ರಿಗರ್ ಬಿಟ್ಟಾಗ ಸಣ್ಣದೊಂದು ಟಿಕ್ ಕೇಳಿ, ಮತ್ತೆ ಒತ್ತಿದಾಗಲೇ ಬೀಳಬೇಕು. ಹ್ಯಾಮರ್ ಸ್ಲೈಡನ್ನು ಹಿಂಬಾಲಿಸಿ ಬಂದರೆ ದೋಷ ಡಿಸ್‌ಕನೆಕ್ಟರ್‌ನಲ್ಲಿದೆ ಇಲ್ಲವೇ ಸಿಯರ್‌ನಲ್ಲಿದೆ. ಟ್ರಿಗರಿನ ಆ ಒಂಟಿ ತೋಳು ಬಾಗಿದ್ದರೆ ಟ್ರಿಗರ್ ಬಿಟ್ಟಮೇಲೂ ಮುಂದಕ್ಕೆ ಸರಿಯಾಗಿ ಮರಳುವುದಿಲ್ಲ, ಮ್ಯಾಗಜೀನ್ ಹಾಕಿದಾಗ ಒಂದು ಬಿಗಿ, ತೆಗೆದಾಗ ಇನ್ನೊಂದು ಬಿಗಿ ಅನ್ನಿಸುತ್ತದೆ. ಹಾಗಾಗಿ ಟ್ರಿಗರನ್ನು ಎರಡೂ ಸ್ಥಿತಿಯಲ್ಲಿ ಒತ್ತಿ ನೋಡಬೇಕು.

ಬಿಚ್ಚುವ ಕ್ರಮ ಕೋಲ್ಟ್‌ನದೇ. ಬುಶಿಂಗ್ ಕೆಳಗಿನ ಪ್ಲಗ್ಗನ್ನು ಒಳಕ್ಕೆ ಒತ್ತಿ, ಬುಶಿಂಗ್ ತಿರುಗಿಸಿ, ಪ್ಲಗ್ಗನ್ನು ಬೆರಳಿನ ಹಿಡಿತದಲ್ಲೇ ನಿಧಾನವಾಗಿ ಹೊರಬಿಡಬೇಕು. ಬಿಟ್ಟುಬಿಟ್ಟರೆ ಸ್ಪ್ರಿಂಗ್ ಅದನ್ನು ಕಣ್ಣಿಗೇ ಚಿಮ್ಮಿಸಬಹುದು. ಸ್ಲೈಡ್ ಹಿಂದಕ್ಕೆ ಸರಿಸಿ ಅದರ ಕಚ್ಚು ಸ್ಲೈಡ್ ಸ್ಟಾಪ್‌ನ ನೇರಕ್ಕೆ ಬಂದಾಗ, ಬಲಬದಿಯಿಂದ ಪಿನ್ ಒತ್ತಿ ಸ್ಟಾಪ್ ತೆಗೆಯಬೇಕು, ಸ್ಲೈಡ್ ಮುಂದಕ್ಕೆ ಜಾರಿ ಬರುತ್ತದೆ. ಇಷ್ಟಕ್ಕೇ ನಿಲ್ಲುವುದು ವಿವೇಕ. ಮುಖ್ಯ ಸ್ಪ್ರಿಂಗನ್ನು ಕೋಲ್ಟ್‌ನ ಅಭ್ಯಾಸದಲ್ಲಿ ಕಳಚಲು ಹೋಗಬಾರದು. ಇಲ್ಲಿ ಕೆಳಕ್ಕೆ ಜಾರುವ ಗೂಡೇ ಇಲ್ಲ, ಒತ್ತಡದಲ್ಲಿರುವ ಸ್ಪ್ರಿಂಗ್ ಫ್ರೇಮಿನೊಳಗೇ ಇದೆ. ಅದನ್ನು ಈ ಮಾದರಿ ಬಲ್ಲ ಕೆಲಸಗಾರನಿಗೇ ಬಿಡಬೇಕು.

ಬಿಚ್ಚಿದಮೇಲೆ ಸ್ಲೈಡ್ ಸ್ಟಾಪ್‌ನ ರಂಧ್ರದ ಸುತ್ತ, ಖಾಲಿ ಕೇಸು ಹೊರಬೀಳುವ ಕಿಂಡಿಯ ಮೂಲೆಗಳಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಎಣ್ಣೆ ಸವರಿ ಒರೆಸಿ ಭೂತಗನ್ನಡಿಯಲ್ಲಿ ನೋಡಿ. ಬಿರುಕಿನೊಳಗೆ ಉಳಿದ ಎಣ್ಣೆ ಮತ್ತೆ ಮೇಲಕ್ಕೆ ಜಿನುಗಿ ಗೆರೆ ಎಳೆಯುತ್ತದೆ. ಹಿಡಿಯ ಹಲಗೆಗಳನ್ನೂ ತೆಗೆಸಿ ನೋಡಬೇಕು. ಹಳೆಯ ಪೊಲೀಸ್ ಪಿಸ್ತೂಲುಗಳಲ್ಲಿ ಹೊರಗೆ ಹೊಳಪಿದ್ದು ಮರದಡಿಯಲ್ಲಿ ತುಕ್ಕಿನ ಗುಳಿಗಳಿರುವುದು ಸಾಮಾನ್ಯ. ಮತ್ತೆ ಬಣ್ಣ ಹಾಕಿಸಿದ್ದರೆ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಪಿನ್ನುಗಳ ರಂಧ್ರಗಳ ಬಾಯಿ ಬಟ್ಟಲಿನಂತೆ ಅಗಲವಾಗಿರುತ್ತದೆ.

ರಿಕಾಯಿಲ್ ಸ್ಪ್ರಿಂಗನ್ನು ನೋಡದೆಯೇ ಬದಲಿಸಿ. ಎಪ್ಪತ್ತು ದಾಟಿದ ಸ್ಪ್ರಿಂಗಿಗೆ ಮರ್ಯಾದೆ ಕೊಡಬೇಕಿಲ್ಲ. ಕೋಲ್ಟ್‌ನ 16 ಪೌಂಡಿನದು ಸರಿಯಾಗುತ್ತದೆ. ಸೋತ ಸ್ಪ್ರಿಂಗಿನಲ್ಲಿ ಸ್ಲೈಡ್ ಪ್ರತಿ ಗುಂಡಿಗೂ ಫ್ರೇಮನ್ನು ಸುತ್ತಿಗೆಯಂತೆ ಬಡಿಯುತ್ತದೆ, ಮೇಲೆ ಹೇಳಿದ ಬಿರುಕುಗಳ ಮೂಲವೇ ಅದು. 16ಕ್ಕಿಂತ ತೀರ ಗಟ್ಟಿಯಾದದ್ದನ್ನು ಹಾಕಿದರೂ ತೊಂದರೆಯೇ: ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೇಸು ಕಿಂಡಿಯಲ್ಲಿ ಸಿಕ್ಕಿಕೊಳ್ಳಬಹುದು.

ತೋಟಾ ವಿಷಯದಲ್ಲಿ ಇದು ಹಟಮಾರಿ, ಅದಕ್ಕೆ ಕಾರಣವಿದೆ. ತೋಟಾ ಮ್ಯಾಗಜೀನಿನಿಂದ ಚೇಂಬರಿಗೆ ಏರುವ ಒಳದಾರಿಯನ್ನು ಕೊರೆದದ್ದು ದುಂಡುಮೂಗಿನ, 230 ಗ್ರೇನ್ ತೂಕದ ಪೂರ್ಣ ಲೋಹಹೊದಿಕೆಯ ಗುಂಡಿಗೆ. ಸೆಕೆಂಡಿಗೆ ಸುಮಾರು 255 ಮೀಟರ್ ವೇಗದ ಆ ತೋಟಾ ಕೊಟ್ಟರೆ ಸರಾಗವಾಗಿ ಓಡುತ್ತದೆ. ಮೂಗು ಮೊಂಡಾದ, ಟೊಳ್ಳುತುದಿಯ ಗುಂಡುಗಳು ಏರುದಾರಿಗೆ ತಲೆ ಬಡಿದು ನಿಲ್ಲುತ್ತವೆ. ಅದಕ್ಕಾಗಿ ದಾರಿಯನ್ನು ಉಜ್ಜಿಸಿ ಅಗಲ ಮಾಡಿಸುವವರಿದ್ದಾರೆ. ಅದು ತಪ್ಪು: ಕೇಸಿನ ಹಿಂಭಾಗಕ್ಕೆ ಆಸರೆ ಕಡಿಮೆಯಾಗುತ್ತದೆ, ಮೂಲ ಸ್ಥಿತಿಯೂ ಹೋಗುತ್ತದೆ. ಹೆಚ್ಚು ಒತ್ತಡದ '+ಪಿ' ತೋಟಾ ಬೇಡವೇ ಬೇಡ. ಮುಕ್ಕಾಲು ಪಾಲು ತೊಡಕುಗಳಿಗೆ ಕಾರಣ ಮ್ಯಾಗಜೀನಿನ ತುಟಿಗಳು, ಪಿಸ್ತೂಲಲ್ಲ. ಒಳ್ಳೆಯ ಕೋಲ್ಟ್ ಮ್ಯಾಗಜೀನ್ ಒಂದನ್ನು ಹಾಕಿ ನೋಡಿದಮೇಲೆಯೇ ಬೇರೆ ತಪ್ಪು ಹುಡುಕಬೇಕು. ಹಳೆಯ ಸೇನಾ ತೋಟಾ ಸುಟ್ಟಿದ್ದರೆ ಅದೇ ದಿನ ಬ್ಯಾರಲ್ಲನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು, ಪ್ರೈಮರಿನ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ.

ಮುದ್ರೆಗಳನ್ನು ಓದಲು ಕಲಿತರೆ ಈ ಪಿಸ್ತೂಲಿನ ಸೊಗಸು ಇಮ್ಮಡಿ. 'ಎಹೆರ್ಸಿತೊ ಅರ್ಹೆಂತೀನೊ' ಎಂದರೆ ಸೇನೆ, 'ಆರ್ಮಾದಾ' ಎಂದರೆ ನೌಕಾಪಡೆ. 'ಪೊಲಿಸಿಯಾ ಫೆದೆರಾಲ್' ಮುದ್ರೆಯ ಬಳಿ ಒಂದು ಕ್ಷಣ ನಿಲ್ಲಬೇಕು. ಫೆಡರಲ್ ಪೊಲೀಸ್ ಪಡೆ ಸ್ಥಾಪನೆಯಾದದ್ದು 1943ರ ಡಿಸೆಂಬರಿನಲ್ಲಿ. ಹಾಗಾಗಿ ತೀರ ಮೊದಲಿನ ಸಂಖ್ಯೆಯ ಪಿಸ್ತೂಲಿನ ಮೇಲೆ ಆ ಮುದ್ರೆ ಕಂಡರೆ, ಅದು ಕಾರ್ಖಾನೆಯಿಂದ ಹೊರಟಾಗಿನದಲ್ಲ, ಆಮೇಲೆ ಒತ್ತಿದ್ದು. ಆಮೇಲೆ ಎಂದರೆ ಪೊಲೀಸರೇ ಒತ್ತಿದ್ದೋ, ಬೆಲೆ ಏರಿಸಲು ಯಾರೋ ಒತ್ತಿದ್ದೋ ಎಂಬುದನ್ನು ಅಕ್ಷರದ ಅಂಚು ಮತ್ತು ಅದರೊಳಗಿನ ಬಣ್ಣ ನೋಡಿ ನಿರ್ಧರಿಸಬೇಕು.

ಸಂಖ್ಯೆಯ ಮುಂದೆ 'ಬಿ' ಅಕ್ಷರವಿರುವವು ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ತರಿಸಿಕೊಂಡವು. ಇವುಗಳ ಬೆನ್ನಿಗೇ ಒಂದು ಕಥೆ ಅಂಟಿಕೊಂಡಿದೆ: 1939ರ ಡಿಸೆಂಬರ್ 17ರಂದು ಮೊಂಟೆವಿಡಿಯೊ ಎದುರಿನ ರಿಯೊ ದೆ ಲಾ ಪ್ಲಾತಾದಲ್ಲಿ ಜರ್ಮನರು ತಾವೇ ಮುಳುಗಿಸಿದ ಗ್ರಾಫ್ ಷ್ಪೇ ಯುದ್ಧನೌಕೆಯ ಉಕ್ಕಿನಿಂದ ಇವನ್ನು ಮಾಡಿದರಂತೆ. ಹಿಟ್ಲರನ ಹಡಗಿನ ಉಕ್ಕು ಅವನ ವಿರುದ್ಧವೇ ತಿರುಗಿತು ಎಂಬ ಮಾತು ಕೇಳಲು ರೋಮಾಂಚನ, ಆದರೆ ಅದಕ್ಕೆ ಪುರಾವೆಯಿಲ್ಲ. ಹಡಗು ಮುಳುಗುವ ಮೊದಲೇ ಈ ಪಿಸ್ತೂಲು ತಯಾರಾಗುತ್ತಿತ್ತು. ಆ ಕಥೆಗಾಗಿ ಒಂದು ಪೆಸೊ ಕೂಡ ಹೆಚ್ಚು ಕೊಡಬಾರದು. 'ಬಿ' ಸಂಖ್ಯೆಗೆ ತನ್ನದೇ ಬೆಲೆಯಿದೆ, ಅಷ್ಟು ಸಾಕು.

ಸಿಸ್ತೆಮಾ ಕೋಲ್ಟ್ ಮತ್ತು ಇದರ ನಡುವೆ ಒಂದನ್ನೇ ಆರಿಸಬೇಕಾದರೆ? ವಾರವಾರ ಗುಂಡು ಹಾರಿಸುವವರು ಸಿಸ್ತೆಮಾ ಕೊಳ್ಳಲಿ, ಅದರ ಪ್ರತಿ ಭಾಗಕ್ಕೂ ಬದಲಿ ಸಿಗುತ್ತದೆ. ಆದರೆ ಅದೇ ಗುಣ ಅದಕ್ಕೆ ಶಾಪವೂ ಆಯಿತು. ಅಗ್ಗಕ್ಕೆ ಸಿಕ್ಕ ಒಳ್ಳೆಯ ಫ್ರೇಮೆಂದು ಎಷ್ಟೋ ಸಿಸ್ತೆಮಾಗಳನ್ನು ಕೊಯ್ದು ಸ್ಪರ್ಧೆಯ ಪಿಸ್ತೂಲು ಮಾಡಿದರು. ಬ್ಯಾಲೆಸ್ಟರ್‌ಗೆ ಆ ಬಿಡಿಭಾಗಗಳು ಕೂರದಿದ್ದುದರಿಂದ ಯಾರೂ ಅಷ್ಟಾಗಿ ಕೈಹಾಕಲಿಲ್ಲ, ಹುಟ್ಟಿದಂತೆಯೇ ಉಳಿದವು ಹೆಚ್ಚು. ಇತಿಹಾಸವನ್ನು ಕೈಯಲ್ಲಿ ಹಿಡಿಯಬೇಕೆನ್ನುವವರಿಗೆ ನನ್ನ ಶಿಫಾರಸು ಬ್ಯಾಲೆಸ್ಟರ್-ಮೊಲಿನಾವೇ. ತರಬೇತಿಗೆಂದು ಮಾಡಿದ .22ರ ರೂಪವೂ ಇದೆ. ಸಿಕ್ಕರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಿ, ಅದರ ಬಿಡಿಭಾಗ ಹುಡುಕುವ ಕೆಲಸ .45ರದ್ದಕ್ಕಿಂತಲೂ ಕಷ್ಟ.

ಅರ್ಜೆಂಟೀನಾದೊಳಗೆ ಕೊಳ್ಳುವವರಿಗೆ: 20.429ನೇ ಕಾಯ್ದೆಯ ವಿಂಗಡಣೆಯಲ್ಲಿ .45 ಪಿಸ್ತೂಲು 'ಷರತ್ತುಬದ್ಧ ನಾಗರಿಕ ಬಳಕೆ'ಯ ಗುಂಪಿಗೆ ಸೇರುತ್ತದೆ. 'ಲೆಹೀತಿಮೊ ಉಸುವಾರಿಯೊ' ಗುರುತುಪತ್ರವಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕಾಗದದಲ್ಲಿರುವ ಸಂಖ್ಯೆಯನ್ನು ಫ್ರೇಮಿನ ಸಂಖ್ಯೆಯೊಡನೆ ಒಂದೊಂದೇ ಅಂಕಿಯಂತೆ ಹೋಲಿಸಿ ನೋಡಿ. ಹಳೆಯ ಮುದ್ರೆಗಳಲ್ಲಿ 3 ಮತ್ತು 8, 1 ಮತ್ತು 7 ಬಲು ಸುಲಭವಾಗಿ ಅದಲುಬದಲಾಗಿ ಕಾಣುತ್ತವೆ, ತಪ್ಪಿದ್ದರೆ ಹಣ ಕೊಡುವ ಮೊದಲೇ ಮಾರುವವರಿಂದ ತಿದ್ದಿಸಿಕೊಳ್ಳಬೇಕು.