ಒಂದೇ ಒಲೆ, ಇಬ್ಬರು ದೊರೆಗಳು: ಚಿಕವೀರ ರಾಜೇಂದ್ರವೋ, ತುಘಲಕ್ಕೋ?

ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದುವುದು ಶುರುವಾಯಿತು. ಆಪರೇಷನ್ ಆಗಿದೆ, ಆದರೂ ಸಣ್ಣ ಅಕ್ಷರ ನೋಡಿದರೆ ತಲೆನೋವು ಅಂತಾರೆ. ಭಾಗಮಂಡಲದ ಕಡೆ ಮಳೆಗಾಲ ಅಂದರೆ ಗೊತ್ತಲ್ವಾ, ಹೋದ ಕರೆಂಟು ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದೇ ಇಲ್ಲ. ಟಿವಿ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಸಂಜೆ ಏಳಕ್ಕೆ ಒಲೆ ಮುಂದೆ ಕೂತರೆ ಊಟದವರೆಗೆ ಒಂದೂವರೆ ಗಂಟೆ ಸಿಗುತ್ತದೆ. ಅತ್ತೆ ಹಲಸಿನ ಬೀಜ ಸುಲಿಯುತ್ತಾರೆ, ನಾನು ಓದುತ್ತೇನೆ.

ಹೀಗೆ ಒಂದು ಮಳೆಗಾಲ ಕೊಡಗಿನ ಕೊನೆಯ ದೊರೆಯ ಬಗ್ಗೆ ಮಾಸ್ತಿಯವರು ಬರೆದ ಕಾದಂಬರಿ ‘ಚಿಕವೀರ ರಾಜೇಂದ್ರ’ ಓದಿದೆ, ಅದರ ಮುಂದಿನ ಮಳೆಗಾಲ ದಿಲ್ಲಿಯ ಸುಲ್ತಾನನ ಬಗ್ಗೆ ಗಿರೀಶ ಕಾರ್ನಾಡರು ಬರೆದ ನಾಟಕ ‘ತುಘಲಕ್’. ಕೇಳುವವರು ಅವರೇ, ಒಲೆಯೂ ಅದೇ. ಎರಡೂ ರಾಜ್ಯ ಕೈಬಿಟ್ಟುಹೋದ ದೊರೆಗಳ ಕಥೆ. ಮನೆಯಲ್ಲಿ ಓದಲು ಎರಡರಲ್ಲಿ ಯಾವುದು ಒಳ್ಳೆಯದು ಅಂತ ನನ್ನ ತಂಗಿ ಕೇಳಿದಳು. ಅವಳಿಗೆ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಧ್ಯದಲ್ಲಿ ಬೇರೆ ಪುಸ್ತಕಗಳನ್ನೂ ನೋಡಿದೆವು. ‘ಮಲೆಗಳಲ್ಲಿ ಮದುಮಗಳು’ ನನಗೆ ತುಂಬಾ ಇಷ್ಟ. ಆದರೆ ಅದರಲ್ಲಿ ಜನ ಜಾಸ್ತಿ, ಎರಡು ದಿನ ಓದು ತಪ್ಪಿದರೆ ಯಾರು ಯಾವ ಮನೆಯವರು ಅಂತ ಅತ್ತೆಗೆ ಮತ್ತೆ ಮೊದಲಿಂದ ಹೇಳಬೇಕಾಗುತ್ತಿತ್ತು. ಮಾಸ್ತಿಯವರದ್ದೇ ನಾಟಕ ‘ಕಾಕನಕೋಟೆ’ ಎರಡೇ ಸಂಜೆಗೆ ಮುಗಿಯಿತು. ‘ನೇಸರ ನೋಡು’ ಹಾಡು ಬಂದಾಗ ಅತ್ತೆ ರೇಡಿಯೊದಲ್ಲಿ ಕೇಳಿದ ಧಾಟಿಯಲ್ಲೇ ಗುನುಗಿದರು. ಚೆನ್ನಾಗಿತ್ತು, ಆದರೆ ಮಾರನೇ ದಿನ ಅದರ ಬಗ್ಗೆ ಮಾತು ಮುಂದುವರಿಯಲಿಲ್ಲ. ಆ ಎರಡು ದೊರೆಗಳ ಬಗ್ಗೆ ಮಾತ್ರ ಈಗಲೂ ಮುಂದುವರಿಯುತ್ತಿದೆ.

ನಾಟಕ ಅಂದರೆ ಬರೀ ಮಾತು, ಹಾಗಾಗಿ ಗಟ್ಟಿಯಾಗಿ ಓದಲು ಅದೇ ಸುಲಭ ಅಂತ ನಾನು ಅಂದುಕೊಂಡಿದ್ದೆ. ಆದದ್ದು ಪೂರಾ ಉಲ್ಟಾ.

‘ತುಘಲಕ್’ ಶುರುವಾಗುವುದೇ ದಿಲ್ಲಿಯ ನ್ಯಾಯಾಲಯದ ಹೊರಗೆ ಸೇರಿದ ಜನರ ಮಾತಿನಿಂದ. ಒಬ್ಬ ಮುದುಕ, ಒಬ್ಬ ಯುವಕ, ಇನ್ನೊಬ್ಬ, ಮತ್ತೊಬ್ಬ. ಪ್ರತಿ ಮಾತಿಗೂ ಹೆಸರು ಸೇರಿಸಿ ಓದಿದರೆ ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಹೆಸರು ಬಿಟ್ಟರೆ ಯಾರು ಯಾರಿಗೆ ಹೇಳಿದರು ಅಂತ ತಿಳಿಯುವುದಿಲ್ಲ. ಸ್ವರ ಬದಲಾಯಿಸಿ ನೋಡಿದೆ, ಐದು ನಿಮಿಷಕ್ಕೆ ಗಂಟಲು ಕಟ್ಟಿತು. ಅತ್ತೆ ಬೀಜ ಸುಲಿಯುತ್ತಾ, ‘ಈಗ ಮಾತಾಡಿದ್ದು ದೊರೆಯಾ?’ ಅಂತ ಮೂರು ಸಲ ಕೇಳಿದರು. ಆ ಸಂಜೆ ಅಲ್ಲಿಗೇ ನಿಲ್ಲಿಸಿದೆ.

ಮರುದಿನ ಪಿಯುಸಿ ಓದುವ ಮಗನನ್ನೂ ಇವರನ್ನೂ ಕೂರಿಸಿಕೊಂಡೆ. ಪುಸ್ತಕ ಒಂದೇ. ಲೈಬ್ರರಿಯದ್ದು, ಬೂಷ್ಟು ಹಿಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಲೆಯ ಕಾವಿಗೆ ಹಿಡಿದು ಒಂದೊಂದಾಗಿ ಬಿಡಿಸಿ, ಕೈಯಿಂದ ಕೈಗೆ ಕೊಡುತ್ತಾ ಓದಿದೆವು. ನಾನು ಸುಲ್ತಾನ, ಇವರು ಚರಿತ್ರೆ ಬರೆಯುವ ಬರನಿ ಮತ್ತು ಸುಲ್ತಾನನ ಸಲಹೆಗಾರ ನಜೀಬ್, ಮಗ ಅಗಸ ಅಜೀಜ್. ಆಗ ನಾಟಕಕ್ಕೆ ಜೀವ ಬಂತು. ಅಜೀಜ್ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಹೂಡಿ ಗೆದ್ದದ್ದು ತಿಳಿದಾಗ ಅತ್ತೆ ಬಾಯಿ ತುಂಬಾ ನಕ್ಕರು. ದಿಲ್ಲಿಯಿಂದ ದೌಲತಾಬಾದಿಗೆ ಜನರನ್ನು ಸಾಗಿಸುವ ದಾರಿಯಲ್ಲಿ, ಸಾಯುತ್ತಿರುವ ಮಗುವನ್ನು ವೈದ್ಯರ ಹತ್ತಿರ ಒಯ್ಯುತ್ತೇನೆ ಅಂತ ಒಬ್ಬ ತಾಯಿ ಬೇಡಿಕೊಂಡರೂ, ಲಂಚ ಕೊಡದೆ ಬಿಡುವುದಿಲ್ಲ ಅನ್ನುವವನೂ ಇದೇ ಅಜೀಜ್. ಅಲ್ಲಿಗೆ ಬಂದಾಗ ಅತ್ತೆ ಬೀಜದ ತಟ್ಟೆ ಕೆಳಗಿಟ್ಟರು. ಮಗನ ಸ್ವರವೂ ಇಳಿಯಿತು. ನಾವು ನಕ್ಕದ್ದನ್ನು ನಮ್ಮ ಕೈಯಿಂದಲೇ ವಾಪಸ್ ಕಿತ್ತುಕೊಂಡ ಹಾಗಾಯಿತು. ಅಷ್ಟು ಜಾಣತನದಿಂದ ಕಟ್ಟಿದ ನಾಟಕ ಅದು. 1964ರಲ್ಲಿ ಬಂದಾಗ ಕಾರ್ನಾಡರಿಗೆ ಇಪ್ಪತ್ತಾರು ವರ್ಷ. ಯೋಚಿಸಿದರೆ ಮೈ ಜುಂ ಅನ್ನುತ್ತದೆ.

ತಾಮ್ರದ ನಾಣ್ಯಕ್ಕೂ ಬೆಳ್ಳಿಯದ್ದರಷ್ಟೇ ಬೆಲೆ ಅಂತ ಸುಲ್ತಾನ ಸಾರುವ ಭಾಗ ಬಂದಾಗ ಇವರು 2016ರಲ್ಲಿ ನೋಟು ರದ್ದಾದಾಗ ಬ್ಯಾಂಕಿನ ಮುಂದೆ ನಿಂತ ಸಾಲು ನೆನಪು ಮಾಡಿದರು. ಆ ಸಂಜೆ ಓದಿದ್ದಕ್ಕಿಂತ ಮಾತಾಡಿದ್ದೇ ಜಾಸ್ತಿ.

ಇನ್ನು ‘ಚಿಕವೀರ ರಾಜೇಂದ್ರ’. ಇದಕ್ಕೆ ಒಬ್ಬರೇ ಸಾಕು. ಮಾಸ್ತಿಯವರು ಬರೆಯುವುದೇ ಹಿರಿಯರೊಬ್ಬರು ಜಗಲಿಯಲ್ಲಿ ಕೂತು ಹೇಳಿದ ಹಾಗೆ. ವಾಕ್ಯ ಚಿಕ್ಕದು, ಆತುರ ಇಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಜಾಗ ಇರುತ್ತದೆ. ಮೂವತ್ತಕ್ಕೂ ಜಾಸ್ತಿ ಸಂಜೆ ಓದಿದರೂ ನನ್ನ ಗಂಟಲು ಸೋಲಲಿಲ್ಲ. ಪುಸ್ತಕ ಮುಚ್ಚಿದ ತಕ್ಷಣ ಅತ್ತೆ ನಮ್ಮ ಅರೆಭಾಷೆಯಲ್ಲಿ ‘ಮತ್ತೆ ಎಂತ ಆತ್?’ ಅನ್ನುತ್ತಿದ್ದರು. ‘ತುಘಲಕ್’ಗೆ ಆ ಪ್ರಶ್ನೆ ಒಂದು ದಿನವೂ ಬರಲಿಲ್ಲ.

ಊರಿನ ಹೆಸರುಗಳ ಕೆಲಸವೂ ಇದೆ, ಇಲ್ಲ ಅನ್ನುವುದಿಲ್ಲ. ಮಡಿಕೇರಿ ಕೋಟೆ, ಓಂಕಾರೇಶ್ವರ, ನಾಲ್ಕುನಾಡು ಅಂತ ಕೇಳಿದರೆ ಅತ್ತೆ ನಡುವೆ ಬಾಯಿ ಹಾಕದೆ ಇರುವುದಿಲ್ಲ. ಓಂಕಾರೇಶ್ವರದ ಕೆರೆಯ ಮೀನಿಗೆ ತಾನು ಮಂಡಕ್ಕಿ ಹಾಕಿದ್ದು, ರಾಜರ ಸಮಾಧಿ ಇರುವ ಗದ್ದಿಗೆಯ ಹತ್ತಿರ ಮಳೆಗೆ ನಿಂತದ್ದು, ಎಲ್ಲ ಹೊರಗೆ ಬಂತು. ಆದರೆ ಅವರನ್ನು ಹಿಡಿದು ಕೂರಿಸಿದ್ದು ಊರಲ್ಲ, ಕುಂಟ ಬಸವ. ನಾಯಿಗಳ ಜೊತೆ ಬೆಳೆದವನು, ದೊರೆಯ ಎಲ್ಲ ಕೆಟ್ಟ ಕೆಲಸಕ್ಕೂ ಕೈಯಾದವನು, ಮಂತ್ರಿಯಾದವನು. ಅವನೂ ಅರಮನೆಯ ರಕ್ತವೇ ಅಂತ ಗೊತ್ತಾಗುವ ಭಾಗ ಓದಿದಾಗ ಅತ್ತೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹೊಟ್ಟೆಗೆ ಹಾಕಿದರು, ಹೆಸರು ಕೊಡಲಿಲ್ಲ’ ಅಂದರು. ನಾನು ಈ ಕಾದಂಬರಿಯನ್ನು ಕಾಲೇಜಿನಲ್ಲಿ ಓದಿದ್ದೆ, ಬಸವನನ್ನು ಬರೀ ದುಷ್ಟ ಅಂತ ದಾಟಿ ಹೋಗಿದ್ದೆ.

ಬೋಪಣ್ಣನ ಸಂಕಟವೂ ಹಾಗೆಯೇ. ದೊರೆಯ ಅನ್ನ ತಿಂದ ಮಂತ್ರಿ, ಆದರೆ ದೊರೆಯಿಂದ ನಾಡು ಹಾಳಾಗುತ್ತಿದೆ. ಏನು ಮಾಡಬೇಕು? ಮಾಸ್ತಿಯವರು ಮೈಸೂರು ಸಂಸ್ಥಾನದಲ್ಲಿ ದೊಡ್ಡ ಹುದ್ದೆಗಳಲ್ಲಿ ಇದ್ದವರು. 1956ರಲ್ಲಿ ಈ ಕಾದಂಬರಿ ಬಂದಾಗ ಅವರಿಗೆ ಅರವತ್ತೈದು. ಮಂತ್ರಿಗಳು ಕೂತು ಮಾತಾಡುವ ಕಡೆಗಳಲ್ಲಿ ಆ ಅನುಭವ ಗೊತ್ತಾಗುತ್ತದೆ. ಯಾರೂ ಸುಮ್ನೆ ಮಾತಾಡುವುದಿಲ್ಲ, ಎಲ್ಲರೂ ಅಳೆದು ಮಾತಾಡುತ್ತಾರೆ.

ಕೊರತೆ ಇಲ್ಲವಾ ಅಂದರೆ ಇದೆ. ಇಂಗ್ಲಿಷರ ಜೊತೆಗಿನ ಓಲೆ, ಮಾತುಕತೆ ಬರುವ ಕಡೆ ಕಥೆ ಕುಂಟುತ್ತದೆ. ಅಲ್ಲಿ ಮಗ ಎದ್ದು ಹೋಗಿ ಮಲಗುತ್ತಿದ್ದ. ಇನ್ನೊಂದು ನನಗೆ ದೊಡ್ಡದಾಗಿ ಕಾಣುವುದು: ಚಿಕವೀರ ಮೊದಲಿಂದಲೂ ಕುಡಿತಕ್ಕೆ, ಕ್ರೌರ್ಯಕ್ಕೆ ಬಿದ್ದವನು. ಒಡಹುಟ್ಟಿದವಳ ಮಗುವನ್ನೇ ಬಿಡದವನು. ಅವನು ಕಳೆದುಕೊಳ್ಳಲು ಅವನ ಹತ್ತಿರ ಒಂದು ಕನಸು ಅಂತ ಇಲ್ಲ. ತುಘಲಕ್‌ಗೆ ಅದು ಇದೆ. ಜನರನ್ನೆಲ್ಲ ಒಂದೇ ಅಂತ ಕಾಣಬೇಕು ಅಂತ ಹೊರಟವನು ಅವನು, ಅದೇ ಹಟದಲ್ಲಿ ಜನರನ್ನು ಕೊಲ್ಲುತ್ತಾ ಹೋಗುತ್ತಾನೆ. ಅವನು ಬಿದ್ದಾಗ ಅವನಿಗಾಗಿ ನೋವಾಗುತ್ತದೆ. ಚಿಕವೀರ ಬಿದ್ದಾಗ ನನಗೆ ನೋವಾದದ್ದು ರಾಣಿ ಗೌರಮ್ಮನಿಗಾಗಿ, ಅವರ ಮಗಳಿಗಾಗಿ, ಕೊಡಗಿಗಾಗಿ. 1834ರ ಏಪ್ರಿಲ್‌ನಲ್ಲಿ ಮಡಿಕೇರಿಗೆ ಕಂಪನಿಯ ಸೈನ್ಯ ಬಂತು, ಆಮೇಲೆ ಈ ಮಣ್ಣಿನಲ್ಲಿ ನಮ್ಮದೇ ಅನ್ನುವ ರಾಜ್ಯ ಇರಲಿಲ್ಲ. ಚರಿತ್ರೆಯಲ್ಲಿ, ಆಮೇಲೆ ಕಾಶಿಯಲ್ಲಿ ಹುಟ್ಟಿದ ಮಗಳೊಬ್ಬಳನ್ನು ದೊರೆ ಲಂಡನ್ನಿಗೆ ಕರೆದುಕೊಂಡು ಹೋದ. 1852ರಲ್ಲಿ ಅಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮತಾಯಿ, ಅಂದರೆ ಗಾಡ್‌ಮದರ್. ಅವಳು ಕೊಡಗು ನೋಡಲೇ ಇಲ್ಲ.

ಪಕ್ಕದ ಮನೆಯ ಅಜ್ಜ ಒಬ್ಬರು ಈ ಕಾದಂಬರಿಯ ಹೆಸರು ಎತ್ತಿದರೆ ಸಿಟ್ಟಾಗುತ್ತಾರೆ. ‘ದೊರೆ ಕೆಟ್ಟವ ಅಂತ ಬರೆದಿಟ್ಟವರು ಯಾರು? ಅವನ ರಾಜ್ಯ ತಿಂದವರೇ ಅಲ್ವಾ?’ ಅಂತ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇಲ್ಲಿ ‘ತುಘಲಕ್’ ಒಂದು ಹೆಜ್ಜೆ ಮುಂದೆ ಇದೆ ಅಂತ ನನಗೆ ಅನ್ನಿಸುತ್ತದೆ. ಆ ಕಾಲದ ಚರಿತ್ರೆ ಬರೆದ ಬರನಿಯನ್ನೇ ಕಾರ್ನಾಡರು ಪಾತ್ರ ಮಾಡಿ ಸುಲ್ತಾನನ ಪಕ್ಕ ನಿಲ್ಲಿಸಿದ್ದಾರೆ. ಬರೆಯುವವನೂ ಕಣ್ಣೆದುರು ಇರುತ್ತಾನೆ, ಅವನ ಹೆದರಿಕೆ, ಅವನ ಪ್ರೀತಿ ಎಲ್ಲ ನಮಗೆ ಕಾಣುತ್ತದೆ. ಮಾಸ್ತಿಯವರ ಪುಸ್ತಕದಲ್ಲಿ ಆ ಅನುಮಾನ ನಾವೇ ತರಬೇಕು. ನಮ್ಮ ಮನೆಗೆ ಅದನ್ನು ಆ ಅಜ್ಜ ತಂದರು.

ಎರಡನ್ನೂ ಆಮೇಲೆ ಒಬ್ಬಳೇ, ಮನಸ್ಸಿನಲ್ಲೇ ಓದಿಕೊಂಡೆ. ಆಗ ತಕ್ಕಡಿ ತಿರುಗಿತು. ‘ತುಘಲಕ್’ ಒಂದೇ ರಾತ್ರಿಗೆ ಮುಗಿಯಿತು. ದೌಲತಾಬಾದಿನ ಕೋಟೆಯ ಮೇಲೆ ರಾತ್ರಿ ನಿದ್ದೆ ಬಾರದ ಸುಲ್ತಾನ ಒಬ್ಬ ಎಳೆಯ ಕಾವಲುಗಾರನ ಜೊತೆ ಮಾತಾಡುವ ದೃಶ್ಯವನ್ನು ಎರಡು ಸಲ ಓದಿದೆ. ಮೂರು ಜನ ಸೇರಿ ಓದುವಾಗ ಅದು ಕೈಗೆ ಸಿಕ್ಕಿರಲಿಲ್ಲ, ಅದಕ್ಕೆ ನಿಶ್ಶಬ್ದ ಬೇಕು. ‘ಚಿಕವೀರ ರಾಜೇಂದ್ರ’ವನ್ನು ಒಬ್ಬಳೇ ಓದುವಾಗ ಮಾತ್ರ ಹಾಳೆ ಹಾರಿಸುತ್ತಿದ್ದೆ. ಅತ್ತೆ ಎದುರಿಗೆ ಇಲ್ಲದೆ ಅದು ನಿಧಾನ ಅನ್ನಿಸಿತು.

ತಂಗಿಗೆ ಹೇಳಿದ್ದು ಇಷ್ಟೇ. ಓದುವವಳು ನೀನೊಬ್ಬಳೇ, ಕೇಳುವವರು ಹಿರಿಯರು ಅಂದರೆ ಮಾಸ್ತಿ. ಮಕ್ಕಳು ಜೊತೆಗೆ ಕೂರುತ್ತಾರೆ ಅಂದರೆ ಕಾರ್ನಾಡ್, ಆದರೆ ಎರಡು ಪ್ರತಿಯಾದರೂ ಇಟ್ಟುಕೋ. ನನ್ನನ್ನೇ ಕೇಳಿದರೆ ನಾಟಕ ದೊಡ್ಡ ಕೃತಿ, ಮನೆಗೆ ಕಾದಂಬರಿ.

ಮಳೆ ಬಿಟ್ಟ ಮೇಲೆ ಅತ್ತೆ ನಾಲ್ಕುನಾಡು ಅರಮನೆ ನೋಡಬೇಕು ಅಂದರು. ಇಷ್ಟು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ. ಕಕ್ಕಬ್ಬೆಯಿಂದ ಜೀಪಿನಲ್ಲಿ ಹೋದೆವು. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಅರಮನೆ ಅನ್ನುವುದಕ್ಕಿಂತ ದೊಡ್ಡ ಮನೆ ಅನ್ನಬಹುದಾದ ಕಟ್ಟಡ. ಮರದ ಕಂಬ, ಕತ್ತಲೆ ಕೋಣೆ. ದೊಡ್ಡವೀರ ರಾಜೇಂದ್ರ ಕಟ್ಟಿಸಿದ್ದು, ಚಿಕವೀರ ಕೊನೆಗೆ ಬಂದು ಅಡಗಿದ್ದು ಇಲ್ಲೇ. ಚಾರಣಕ್ಕೆ ಬಂದ ಹುಡುಗರು ಹೊರಗೆ ಫೋಟೊ ತೆಗೆಯುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಒಂದು ಕಂಬ ಹಿಡಿದು ನಿಂತು, ಅಲ್ಲಿದ್ದ ಕಾವಲಿನವರನ್ನು ಕೇಳಿದರು:

‘ನಾಯಿಗಳನ್ನು ಕಟ್ಟುತ್ತಿದ್ದದ್ದು ಯಾವ ಕಡೆ?’