ಫೀಸು ಕಟ್ಟಿದರು, ಮಲಗೋದೆಲ್ಲಿ ಅಂತ ಕೇಳಲಿಲ್ಲ

ಘಾನಾದ ರಾಜಧಾನಿ ಅಕ್ರಾದಲ್ಲಿ ಔಷಧಿ ಕಂಪನಿಯೊಂದರ ಲೆಕ್ಕ ನೋಡೋದು ನನ್ನ ಕೆಲಸ. 2021ರಲ್ಲಿ ಆಫೀಸಿನವರೊಬ್ಬರ ಮಾತು ಕೇಳಿ ಒಂದು ಸ್ಕಾಲರ್‌ಶಿಪ್ ಯೋಜನೆಗೆ ಮೆಂಟರ್ ಆಗಿ ಸೇರಿದೆ. ಹೆಸರು ಬೇಡ, ಅಲ್ಲಿರುವವರು ಒಳ್ಳೆಯವರೇ. ಬಡ ಮಕ್ಕಳನ್ನು ಯೂನಿವರ್ಸಿಟಿ ಓದಿಸಿ, ಕೆಲಸ ಸಿಗುವ ತನಕ ಜೊತೆಗಿರುತ್ತೇವೆ ಅನ್ನೋದು ಅವರ ಮಾತು. ನನಗೆ ಸಿಕ್ಕವಳು ಉತ್ತರ ಘಾನಾದ ಬೋಲ್ಗಟಾಂಗಾ ಕಡೆಯ ಹುಡುಗಿ. ಓದು ಅಕ್ರಾದ ಲೆಗಾನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾಟಿಸ್ಟಿಕ್ಸ್. ಊರು ಸುಮಾರು 800 ಕಿಲೋಮೀಟರ್ ದೂರ. ರಜೆ ಬಂತು ಅಂತ ಸುಮ್ನೆ ಹೋಗಿಬರುವ ಹಾಗಿಲ್ಲ.

ಫೀಸು ಒಂದು ಸಲವೂ ತಡವಾಗಲಿಲ್ಲ. ಮೊದಲ ವಾರವೇ ಲ್ಯಾಪ್‌ಟಾಪ್ ಬಂತು. ಲೆವೆಲ್ 100ರಲ್ಲಿ, ಅಂದರೆ ಮೊದಲ ವರ್ಷ, ಕ್ಯಾಲ್ಕುಲಸ್ ಕೈಕೊಟ್ಟಾಗ ಪಾಠ ಹೇಳುವವರನ್ನು ಅವರೇ ಹುಡುಕಿ ಕೊಟ್ಟರು. ಇದಕ್ಕೆಲ್ಲ ಪೂರ್ತಿ ಅಂಕ.

ಎರಡನೇ ವರ್ಷ ಹಾಲ್‌ನಲ್ಲಿ, ಅಂದರೆ ಯೂನಿವರ್ಸಿಟಿಯದೇ ಹಾಸ್ಟೆಲ್‌ನಲ್ಲಿ, ಹಾಸಿಗೆ ಸಿಗಲಿಲ್ಲ. ಖಾಸಗಿ ಹಾಸ್ಟೆಲ್‌ಗೆ ಯೋಜನೆಯ ದುಡ್ಡು ಸಾಲಲಿಲ್ಲ. ಹುಡುಗಿ ಗೆಳತಿಯ ರೂಮಿನಲ್ಲಿ ನೆಲದ ಮೇಲೆ ಮಲಗಿದಳು. ಇದಕ್ಕೆ ಇಲ್ಲಿ ‘ಪರ್ಚಿಂಗ್’ ಅಂತಾರೆ. ಹಕ್ಕಿ ಸಿಕ್ಕ ಕೊಂಬೆ ಮೇಲೆ ಕೂತ ಹಾಗೆ. ನನಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. “ಅದರಲ್ಲಿ ಹೇಳೋಕೆ ಏನಿದೆ ಆಂಟಿ, ಎಷ್ಟೋ ಜನ ಹೀಗೇ ಇದ್ದಾರೆ” ಅಂದಳು.

2022ರ ಜನವರಿಯಲ್ಲಿ ಲೆಕ್ಚರರ್‌ಗಳ ಮುಷ್ಕರ. ಸೆಮಿಸ್ಟರ್ ಮುಂದಕ್ಕೆ ಹೋಯಿತು, ತಿಂಗಳ ಭತ್ಯೆಯ ಲೆಕ್ಕ ಇದ್ದಲ್ಲೇ ಇತ್ತು. ಆ ವರ್ಷ ಬೆಲೆಗಳು ಹುಚ್ಚೆದ್ದು ಏರಿದವು. ಡಿಸೆಂಬರ್‌ನಲ್ಲಿ ಹಣದುಬ್ಬರ ಶೇ 54 ಮುಟ್ಟಿತು. ಅವಳ ಮೊಮೊಗೆ, ಅಂದರೆ ಮೊಬೈಲ್ ದುಡ್ಡಿನ ಖಾತೆಗೆ, ಬೀಳುತ್ತಿದ್ದ ಸೆಡಿ (ಇಲ್ಲಿನ ದುಡ್ಡು) ಅಷ್ಟೇ, ಅದಕ್ಕೆ ಸಿಗುವ ವಾಚೆ, ಅಂದರೆ ಅಲಸಂದೆ ಹಾಕಿ ಬೇಯಿಸಿದ ಅನ್ನ, ಮಾತ್ರ ತಿಂಗಳು ತಿಂಗಳು ಕಮ್ಮಿ. ರಾತ್ರಿಗೆ ಗರಿ. ಮರಗೆಣಸಿನ ರವೆಗೆ ನೀರು, ಸಕ್ಕರೆ, ಒಂದು ಹಿಡಿ ಕಡಲೆಕಾಯಿ. ರುಚಿಯೇನೋ ಇರುತ್ತೆ, ದಿನಾ ತಿಂದರೆ ಗೊತ್ತಾಗುತ್ತೆ. ನಾನು ಲೆಕ್ಕದವಳು ತಾನೆ, ಅವಳ ಖರ್ಚನ್ನೆಲ್ಲ ಒಂದು ಹಾಳೆಗೆ ಇಳಿಸಿ ಯೋಜನೆಯ ಕಚೇರಿಗೆ ಕಳಿಸಿದೆ. ಮೂರು ತಿಂಗಳಲ್ಲಿ ಭತ್ಯೆ ಏರಿಸಿದರು. ಕೇಳಿದರೆ ಕೊಡುತ್ತಾರೆ. ಕೇಳುವ ಧೈರ್ಯ ಎಷ್ಟು ಮಕ್ಕಳಿಗಿರುತ್ತೆ?

2024ರಲ್ಲಿ ಡಿಗ್ರಿ ಮುಗಿಯಿತು, ಸೆಕೆಂಡ್ ಕ್ಲಾಸ್ ಅಪ್ಪರ್, ಅಂದರೆ ಫಸ್ಟ್ ಕ್ಲಾಸ್‌ಗೆ ಒಂದೇ ಮೆಟ್ಟಿಲು ಕೆಳಗೆ. ಕೊನೆ ಪರೀಕ್ಷೆಯ ತಿಂಗಳಿಗೇ ಭತ್ಯೆ ನಿಂತಿತು. ಘಾನಾದಲ್ಲಿ ಡಿಗ್ರಿ ಆದ ಮೇಲೆ ಒಂದು ವರ್ಷ ನ್ಯಾಷನಲ್ ಸರ್ವಿಸ್, ಅಂದರೆ ಸರ್ಕಾರ ಹಾಕಿದ ಕಡೆ ಕೆಲಸ. ಆಗ ತಿಂಗಳಿಗೆ 700 ಸೆಡಿ ಚಿಲ್ಲರೆ, ಅವಳಿಗೆ ಅದೂ ತಿಂಗಳುಗಟ್ಟಲೆ ಬರಲಿಲ್ಲ. ಹಾಕಿದ್ದು ಅಕ್ರಾದ ಕಚೇರಿಗೆ. ರೂಮು ಬೇಕಲ್ವಾ? ಆರು ತಿಂಗಳಿಗಿಂತ ಜಾಸ್ತಿ ಬಾಡಿಗೆ ಮುಂಗಡ ಕೇಳಬಾರದು ಅಂತ ಕಾನೂನಿದೆ. ಮಾಲೀಕರು ಕೇಳೋದು ಒಂದು ವರ್ಷದ್ದು, ಎರಡು ವರ್ಷದ್ದು.

ಕೆಲಸ ಸಿಗುವ ತನಕ ಜೊತೆಗಿರುತ್ತೇವೆ ಅಂದಿದ್ದರಲ್ಲ, ಅದು ಏನಾಯಿತು ಅಂದರೆ ಒಂದು ದಿನದ ಸಿವಿ ತರಬೇತಿ, ಒಂದು ವಾಟ್ಸಾಪ್ ಗುಂಪು. ಇಂಟರ್‌ವ್ಯೂಗೆ ಯಾವ ಬಣ್ಣದ ಶರ್ಟು ಹಾಕಬೇಕು ಅಂತಲೂ ಹೇಳಿಕೊಟ್ಟರು. ಅವಳು ಅಕ್ರಾದ ಹೊರವಲಯದ ಮದೀನಾದಲ್ಲಿ ಗೆಳತಿಯ ರೂಮಲ್ಲಿ ಮತ್ತೆ ಪರ್ಚಿಂಗ್.

ಮೆಂಟರ್‌ಗಳು ದುಡ್ಡು ಕೊಡುವ ಹಾಗಿಲ್ಲ. ನಿಯಮ ಸರಿಯೇ, ದುಡ್ಡು ನಡುವೆ ಬಂದರೆ ಮಾತಿನ ಸಲಿಗೆ ಹೋಗುತ್ತೆ. ನಾಲ್ಕು ತಿಂಗಳು ತಡೆದುಕೊಂಡು ಆಮೇಲೆ ನಿಯಮ ಮುರಿದೆ. ಅವಳು ಹಟ ಹಿಡಿದು ಸಾಲದ ಪತ್ರ ಬರೆದುಕೊಟ್ಟಳು. ಕಂತು ತಪ್ಪಿಸಿಲ್ಲ.

ಓದಿನ ನಾಲ್ಕು ವರ್ಷಕ್ಕೆ ಐದರಲ್ಲಿ ನಾಲ್ಕು ಸ್ಟಾರ್. ಆಮೇಲಿನದಕ್ಕೆ ಒಂದು, ಅದೂ ವಾಟ್ಸಾಪ್ ಗುಂಪು ನೋಡಿಕೊಳ್ಳುವ ಹುಡುಗನ ತಾಳ್ಮೆಗೆ. ಆದರೂ ಈ ಸಲವೂ ಮೆಂಟರ್ ಆಗಿ ಸಹಿ ಹಾಕಿದ್ದೇನೆ. ಹೊಸ ಹುಡುಗ ಕುಮಾಸಿ ಕಡೆಯವನು. ಮೊದಲ ಫೋನಿನಲ್ಲೇ ಕೇಳಿದೆ, “ಹಾಸಿಗೆ ಸಿಕ್ಕಿದೆಯಾ?” ಸ್ವಲ್ಪ ಹೊತ್ತು ಸುಮ್ಮನಿದ್ದ.